ಕಾರಿನ ಬೆನ್ನ ಮೇಲಿನ ಅಕ್ಷರಗಳು

ನಮ್ಮ ವಾಹನದ ನಂಬರ್ ಪ್ಲೇಟಿನ ಎಡ ಅಂಚನ್ನು ನಾವು ಎಂದಾದರೂ ಗಮನವಿಟ್ಟು ನೋಡಿದ್ದೇವೆಯೇ? ಹೊಸ ಮಾದರಿಯ ಪ್ಲೇಟ್ ಆಗಿದ್ದರೆ ಅಲ್ಲಿ ಅಶೋಕ ಚಕ್ರದ ಹೊಳೆಯುವ ಮುದ್ರೆಯಿದೆ. ಅದರ ಕೆಳಗೆ ನೀಲಿ ಬಣ್ಣದಲ್ಲಿ ಮೂರು ಪುಟ್ಟ ಇಂಗ್ಲಿಷ್ ಅಕ್ಷರಗಳಿವೆ: ಐ, ಎನ್, ಡಿ. 2019ರ ಏಪ್ರಿಲ್ 1ರಿಂದ ಹೊಸ ವಾಹನಗಳಿಗೆಲ್ಲ ಈ ಪ್ಲೇಟ್ ಕಡ್ಡಾಯವಾಯಿತು. ಹಳೆಯ ವಾಹನಗಳಿಗೂ ಇದನ್ನು ಹಾಕಿಸಿಕೊಳ್ಳಬೇಕೆಂದು ಕರ್ನಾಟಕ ಸರಕಾರ 2023ರ ಆಗಸ್ಟ್‌ನಲ್ಲಿ ಆದೇಶಿಸಿದಾಗ ಜನ ಗೊಣಗಿದರು, ಗಡುವು ಮತ್ತೆ ಮತ್ತೆ ಮುಂದಕ್ಕೆ ಹೋಯಿತು. ದುಡ್ಡು ಎಷ್ಟು, ದಂಡ ಎಷ್ಟು ಎಂದು ಎಲ್ಲರೂ ಕೇಳಿದರು. ಆ ಮೂರು ಅಕ್ಷರಗಳು ಅಲ್ಲಿ ಏಕಿವೆ ಎಂದು ಕೇಳಿದವರು ಮಾತ್ರ ನಮಗೆ ಸಿಕ್ಕಿಲ್ಲ.

ಬೆಂಗಳೂರಿನಿಂದ ಹಾಸನಕ್ಕೆ ಹೊರಟ ಕಾರು ಭಾರತದ್ದು ಎಂದು ಯಾರಿಗೆ ಹೇಳಬೇಕಾಗಿದೆ? ದಾರಿಯಲ್ಲಿ ಯಾರಿಗೂ ಬೇಡ. ಆದರೆ ದೇಶದ ಗಡಿ ದಾಟಿದ ಮರುಕ್ಷಣವೇ ಆ ಅಕ್ಷರಗಳಿಗೆ ಅರ್ಥ ಬರುತ್ತದೆ. ಯುರೋಪಿನ ರಸ್ತೆಗಳಲ್ಲಿ ಕಾರುಗಳ ಹಿಂಭಾಗದಲ್ಲಿ ಬಿಳಿಯ ಅಂಡಾಕಾರದ ಸ್ಟಿಕ್ಕರ್ ಅಂಟಿಸಿ, ಅದರಲ್ಲಿ ಒಂದೋ ಎರಡೋ ಮೂರೋ ಕಪ್ಪಕ್ಷರ ಬರೆದಿರುವುದನ್ನು ಚಿತ್ರಗಳಲ್ಲಾದರೂ ಓದುಗರು ನೋಡಿರಬಹುದು. ನಮ್ಮ ಪ್ಲೇಟಿನ ಅಂಚಿನ ಅಕ್ಷರಗಳು ಅದೇ ಕುಟುಂಬದ ಕೂಸುಗಳು. ಆ ಕುಟುಂಬಕ್ಕೆ ನೂರು ವರ್ಷಕ್ಕೂ ಮಿಕ್ಕಿದ ಇತಿಹಾಸವಿದೆ. ಅದರಲ್ಲಿ ಸಾಮ್ರಾಜ್ಯಗಳಿವೆ, ವಲಸೆಯಿದೆ, ಯುದ್ಧವಿದೆ.

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಮೋಟಾರು ಕಾರು ಎಂಬುದು ಯುರೋಪಿನ ಸಿರಿವಂತರ ಶೋಕಿಯಾಗಿತ್ತು. ಅಲ್ಲಿನ ದೇಶಗಳು ಚಿಕ್ಕವು. ಬೆಳಗ್ಗೆ ಹೊರಟವನು ಸಂಜೆಯೊಳಗೆ ಎರಡು ಗಡಿ ದಾಟಬಹುದು. ಆದರೆ ಪ್ರತಿಯೊಂದು ದೇಶವೂ ತನ್ನದೇ ರೀತಿಯಲ್ಲಿ ಕಾರುಗಳಿಗೆ ಸಂಖ್ಯೆ ಕೊಡುತ್ತಿತ್ತು. ಆ ಸಂಖ್ಯೆಗೆ ಬೆಲೆ ಇದ್ದದ್ದು ಕೊಟ್ಟ ದೇಶದೊಳಗೆ ಮಾತ್ರ. ಹೊರಗಿನಿಂದ ಬಂದ ಕಾರೊಂದು ಹಳ್ಳಿಯವನ ಹಸುವಿಗೆ ಗುದ್ದಿ ಪರಾರಿಯಾಯಿತು ಎನ್ನೋಣ. ಅದರ ಸಂಖ್ಯೆಯನ್ನು ಹಳ್ಳಿಯವನು ಓದಿಕೊಂಡರೂ ದೂರು ಕೊಡುವುದು ಯಾವ ದೇಶದ ಪೊಲೀಸರಿಗೆ? ಅದೇ ಸಂಖ್ಯೆಯ ಕಾರು ಪಕ್ಕದ ಎರಡು ದೇಶಗಳಲ್ಲೂ ಇರಬಹುದಲ್ಲ!

ಈ ತೊಡಕನ್ನು ಬಿಡಿಸಲು 1909ರ ಅಕ್ಟೋಬರ್ 11ರಂದು ಪ್ಯಾರಿಸ್‌ನಲ್ಲಿ ಒಂದು ಅಂತಾರಾಷ್ಟ್ರೀಯ ಒಡಂಬಡಿಕೆಗೆ ಸಹಿ ಬಿತ್ತು. ಮೋಟಾರು ವಾಹನಗಳು ದೇಶದಿಂದ ದೇಶಕ್ಕೆ ಓಡಾಡುವುದಕ್ಕೆ ಸಂಬಂಧಿಸಿದ ಮೊದಲ ದೊಡ್ಡ ಒಪ್ಪಂದ ಅದು. ಗುಂಡಿ, ತಿರುವು, ರಸ್ತೆ ಕೂಡುವ ಜಾಗ, ರೈಲ್ವೆ ಗೇಟು ಎಂಬ ನಾಲ್ಕು ಅಪಾಯಗಳಿಗೆ ಎಲ್ಲೆಡೆಯೂ ಒಂದೇ ಬಗೆಯ ಚಿಹ್ನೆಯ ಫಲಕ ಹಾಕಬೇಕೆಂದು ಅದರಲ್ಲಿ ತೀರ್ಮಾನವಾಯಿತು. ಗಡಿ ದಾಟುವ ಕಾರಿಗೆ ಒಂದು ಅಂತಾರಾಷ್ಟ್ರೀಯ ರಹದಾರಿ ಪತ್ರವೂ ಸಿಕ್ಕಿತು. ಅದರ ಜೊತೆಗೆ ನಂಬರ್ ಪ್ಲೇಟ್ ಅಲ್ಲದೆ ಇನ್ನೊಂದು ಫಲಕವನ್ನೂ ಕಾರಿನ ಹಿಂದೆ ಹಾಕಬೇಕಾಯಿತು. ಅಗಲ 30 ಸೆಂಟಿಮೀಟರ್, ಎತ್ತರ 18 ಸೆಂಟಿಮೀಟರ್. ಬಿಳಿ ಹಿನ್ನೆಲೆಯ ಅಂಡಾಕಾರ. ಅದರ ಮೇಲೆ ಕಪ್ಪು ಬಣ್ಣದಲ್ಲಿ ದೇಶವನ್ನು ಸೂಚಿಸುವ ಒಂದು ಅಥವಾ ಎರಡು ಲ್ಯಾಟಿನ್ ಅಕ್ಷರ. ಅಕ್ಷರದ ಎತ್ತರ ಕನಿಷ್ಠ 10 ಸೆಂಟಿಮೀಟರ್ ಇರಬೇಕು. ಅಂದರೆ ಆಗಿನ ಆ ಫಲಕ ಈಗಿನ ಸ್ಟಿಕ್ಕರಿನಂತೆ ಪುಟಾಣಿಯಲ್ಲ, ನಮ್ಮ ಅಡುಗೆಮನೆಯ ತಟ್ಟೆಗಿಂತ ದೊಡ್ಡದು. ನಂಬರ್ ಪ್ಲೇಟ್ ಚೌಕವಾಗಿರುವಾಗ ಇದನ್ನು ಮೊಟ್ಟೆಯಾಕಾರಕ್ಕೆ ತಿರುಗಿಸಿದ್ದು ಒಂದರ ಜೊತೆ ಇನ್ನೊಂದು ಬೆರೆಯದಿರಲಿ ಎಂದೇ ಇರಬೇಕೆಂದು ನಮಗೆ ತೋರುತ್ತದೆ.

ಯಾವ ದೇಶಕ್ಕೆ ಯಾವ ಅಕ್ಷರ? ಸ್ವಾರಸ್ಯ ಶುರುವಾಗುವುದು ಇಲ್ಲಿ. ಜರ್ಮನಿಗೆ ಜಿ ಸಿಗಲಿಲ್ಲ, ಡಿ ಸಿಕ್ಕಿತು. ಜರ್ಮನರು ತಮ್ಮ ನಾಡನ್ನು ಕರೆಯುವುದು ಡಾಯ್ಚ್‌ಲಾಂಡ್ ಎಂದು. ಸ್ಪೇನ್ ದೇಶಕ್ಕೆ ಇ, ಏಕೆಂದರೆ ಅವರ ಬಾಯಲ್ಲಿ ಅದು ಎಸ್ಪಾನಿಯ. ಸ್ವಿಟ್ಜರ್ಲೆಂಡಿನದು ಇನ್ನೂ ಜಾಣತನದ ಆಯ್ಕೆ. ಆ ದೇಶದಲ್ಲಿ ಜರ್ಮನ್, ಫ್ರೆಂಚ್, ಇಟಾಲಿಯನ್ ಹೀಗೆ ಹಲವು ಭಾಷೆಗಳ ಜನರಿದ್ದಾರೆ. ಒಂದು ಭಾಷೆಯ ಹೆಸರನ್ನು ಎತ್ತಿಕೊಂಡರೆ ಉಳಿದವರು ಮುನಿಸಿಕೊಳ್ಳುತ್ತಾರೆ. ಹಾಗಾಗಿ ಯಾರ ಮನೆಮಾತೂ ಅಲ್ಲದ ಲ್ಯಾಟಿನ್ ಭಾಷೆಯಿಂದ ಕಾನ್ಫೆಡರೇಷಿಯೊ ಹೆಲ್ವೆಟಿಕಾ ಎಂಬ ಹೆಸರನ್ನು ತಂದು ಸಿ.ಎಚ್. ಎಂದು ಬರೆದುಕೊಂಡರು. ಆ ಸಿ.ಎಚ್. ಇಂದಿಗೂ ಉಳಿದಿದೆ. ಭಾಷೆಗಳ ಜಗಳವನ್ನು ಹೀಗೆ ಮೂರನೆಯವರ ಮನೆಗೆ ಕಳುಹಿಸಿ ಬಗೆಹರಿಸುವುದು ನಮ್ಮ ನಾಡಿನವರಿಗೂ ಗೊತ್ತಿಲ್ಲದ ಉಪಾಯವೇನಲ್ಲ.

ಒಟ್ಟಿನಲ್ಲಿ ತಮ್ಮ ಹೆಸರನ್ನು ತಾವೇ ಆರಿಸಿಕೊಳ್ಳುವ ಅವಕಾಶ ಅಂದು ಸ್ವತಂತ್ರ ರಾಷ್ಟ್ರಗಳಿಗಿತ್ತು. ಪರರ ಆಳ್ವಿಕೆಯಲ್ಲಿದ್ದವರಿಗೆ? ಭಾರತದ ವಾಹನ ಹೊರದೇಶಕ್ಕೆ ಹೋದರೆ ಅದರ ಬೆನ್ನ ಮೇಲೆ ಬಿ.ಐ. ಎಂದಿರಬೇಕಿತ್ತು, ಅಂದರೆ ಬ್ರಿಟಿಷ್ ಇಂಡಿಯಾ. 1947ರ ನಂತರ ಅದು ಎರಡಾಗಿ ಒಡೆಯಿತು: ಇತ್ತ ಐ.ಎನ್.ಡಿ., ಅತ್ತ ಪಿ.ಎ.ಕೆ. ಐರ್ಲೆಂಡಿನ ಕಾರುಗಳು ಮೊದಲು ಬ್ರಿಟನ್ನಿನ ಜಿ.ಬಿ. ಹೊತ್ತು ತಿರುಗುತ್ತಿದ್ದವು. ಸ್ವತಂತ್ರ ಐರಿಷ್ ರಾಜ್ಯ ಹುಟ್ಟಿದ ಮೇಲೆ, 1924ರಲ್ಲಿ, ತಮ್ಮ ನುಡಿಯ ಹೆಸರಿನಿಂದ ಎಸ್.ಇ. ಎಂದು ಬರೆದುಕೊಂಡರು, 1938ರಲ್ಲಿ ಅದು ಇ.ಐ.ಆರ್. ಆಯಿತು, ಆ ಮೇಲೆ ಐ.ಆರ್.ಎಲ್. ಆಯಿತು.

ಅಲ್ಜೀರಿಯಾದ ಕತೆ ನಮ್ಮನ್ನು ಇನ್ನೂ ಹೆಚ್ಚು ತಟ್ಟುತ್ತದೆ. 1830ರಲ್ಲಿ ಫ್ರಾನ್ಸ್ ಆ ನಾಡನ್ನು ಆಕ್ರಮಿಸಿತು. ಬರಬರುತ್ತಾ ಅದು ವಸಾಹತು ಅಲ್ಲ, ಫ್ರಾನ್ಸ್‌ನ ಅಂಗವೇ ಎಂದು ಸಾರಿತು. ಹಾಗಾಗಿ ಅಲ್ಜಿಯರ್ಸ್‌ನ ಕಾರು ಹೊರಗೆ ಹೊರಟರೆ ಅದರ ಮೇಲೆ ಎಫ್ ಎಂಬ ಒಂದೇ ಅಕ್ಷರ. ನಾಡೇ ಇಲ್ಲ ಎಂದ ಮೇಲೆ ನಾಡಿಗೆ ಅಕ್ಷರ ಎಲ್ಲಿಂದ ಬರಬೇಕು? ಲಕ್ಷಾಂತರ ಜೀವಗಳನ್ನು ಬಲಿ ತೆಗೆದುಕೊಂಡ ಹೋರಾಟದ ಬಳಿಕ 1962ರ ಜುಲೈಯಲ್ಲಿ ಅಲ್ಜೀರಿಯಾ ಸ್ವತಂತ್ರವಾಯಿತು. ಆಗ ಅವರು ಫ್ರೆಂಚರ ಬಾಯಿಯ 'ಅಲ್ಜೆರಿ'ಯಿಂದ ಅಕ್ಷರ ತೆಗೆದುಕೊಳ್ಳಲಿಲ್ಲ. ಅರಬಿಯ ಅಲ್‌ಜಝಾಯಿರ್ ಎಂಬ ಹೆಸರು ಸ್ಥಳೀಯರ ನಾಲಿಗೆಯಲ್ಲಿ ಹೊರಳುವ ಬಗೆಯನ್ನು ಅನುಸರಿಸಿ ಡಿ.ಝಡ್. ಎಂದು ಆರಿಸಿಕೊಂಡರು.

ಇದಕ್ಕೆ ವಿರುದ್ಧವಾದ ಉದಾಹರಣೆ ನಮ್ಮ ನೆರೆಯಲ್ಲೇ ಇದೆ. ಸಿಲೋನ್ 1972ರಲ್ಲಿ ಶ್ರೀಲಂಕಾ ಎಂದು ಹೆಸರು ಬದಲಿಸಿಕೊಂಡಿತು. ಆದರೆ ವಿಶ್ವಸಂಸ್ಥೆಯ ಪಟ್ಟಿಯಲ್ಲಿ ಅದರ ವಾಹನ ಚಿಹ್ನೆ ಸಿ.ಎಲ್. ಆಗಿಯೇ ಉಳಿಯಿತು. ಹೆಸರು ಹೋದರೂ ಅಕ್ಷರ ಹೋಗಲಿಲ್ಲ. ನಮ್ಮಲ್ಲೂ 1973ರಲ್ಲಿ ರಾಜ್ಯದ ಹೆಸರು ಕರ್ನಾಟಕವಾದ ಮೇಲೂ ಮೈಸೂರಿನ ಎಂ.ವೈ. ಅಕ್ಷರಗಳನ್ನು ಹೊತ್ತ ಲಾರಿ, ಜೀಪುಗಳು ಎಷ್ಟೋ ವರ್ಷ ಓಡಾಡಿಕೊಂಡಿದ್ದವು. ಹಿರಿಯ ಓದುಗರಿಗೆ ನೆನಪಿರಬಹುದು.

ಒಡಂಬಡಿಕೆಯ ಮುಂದಿನ ಇತಿಹಾಸವನ್ನು ಚುಟುಕಾಗಿ ಹೇಳಿಬಿಡಬಹುದು. ದೇಶಗಳು ಹೆಚ್ಚಿದಂತೆ ಎರಡಕ್ಷರ ಸಾಲದೆ 1926ರ ಪ್ಯಾರಿಸ್ ಒಡಂಬಡಿಕೆಯಲ್ಲಿ ಮೂರಕ್ಷರಕ್ಕೆ ಅವಕಾಶ ಸಿಕ್ಕಿತು. 1949ರ ಜಿನೀವಾ ಒಡಂಬಡಿಕೆ ಅಕ್ಷರದ ಎತ್ತರವನ್ನು 8 ಸೆಂಟಿಮೀಟರಿಗೆ ಇಳಿಸಿತು. 1968ರ ವಿಯೆನ್ನಾ ಒಡಂಬಡಿಕೆ ಇದನ್ನೇ ಮುಂದುವರಿಸಿತು. ಭಾರತ ಈ ಕೊನೆಯ ಎರಡಕ್ಕೂ ಸೇರಿದೆ. ಲೋಹದ ಫಲಕ ಹೋಗಿ ಅಂಟಿಸುವ ಸ್ಟಿಕ್ಕರ್ ಬಂತು. ಯುರೋಪಿನ ಒಕ್ಕೂಟ 1998ರಲ್ಲಿ ಒಂದು ನಿಯಮ ಮಾಡಿ, ನಂಬರ್ ಪ್ಲೇಟಿನ ಎಡಗಡೆ ಹನ್ನೆರಡು ನಕ್ಷತ್ರಗಳ ನೀಲಿ ಪಟ್ಟಿಯೂ ದೇಶದ ಅಕ್ಷರವೂ ಇದ್ದರೆ ತನ್ನ ಸದಸ್ಯ ದೇಶಗಳೊಳಗೆ ಬೇರೆ ಸ್ಟಿಕ್ಕರ್ ಬೇಡವೆಂದಿತು. ಅಮೆರಿಕದಲ್ಲಂತೂ ಈ ಅಂಡಾಕಾರ ಒಂದು ಫ್ಯಾಷನ್ ಆಗಿ, ರಜೆಗೆ ಹೋದ ಕಡಲತೀರದ ಹೆಸರಿನ ಅಕ್ಷರಗಳನ್ನು ಬರೆದು ಕಾರಿಗೆ ಅಂಟಿಸಿಕೊಳ್ಳುವವರೂ ಹುಟ್ಟಿಕೊಂಡರು.

ಆದರೆ ನಿಯಮದ ಒಂದು ಅಂಶದ ಬಳಿ ನಾವು ನಿಲ್ಲಲೇಬೇಕು. ಈ ಅಕ್ಷರ ಹೇಳುವುದು ವಾಹನ ಎಲ್ಲಿ ನೋಂದಣಿಯಾಗಿದೆ ಎಂಬುದನ್ನು ಮಾತ್ರ. ಒಳಗೆ ಕೂತು ಓಡಿಸುವವನು ಯಾವ ದೇಶದವನು ಎಂಬುದಕ್ಕೂ ಅದಕ್ಕೂ ಸಂಬಂಧವಿಲ್ಲ. ಸೌದಿಯ ನಂಬರ್ ಪ್ಲೇಟಿನ ಅಂಚಿನಲ್ಲಿ ಕೆ.ಎಸ್.ಎ. ಎಂದು ಬರೆದಿರುತ್ತದೆ. ದಮ್ಮಾಮಿನಲ್ಲಿ ದುಡಿಯುವ ಭಟ್ಕಳದವನೋ ಉಳ್ಳಾಲದವನೋ ವಾರದ ರಜೆಗೆ ಕುಟುಂಬದೊಂದಿಗೆ ಕಡಲ ಸೇತುವೆ ದಾಟಿ ಬಹರೈನಿಗೆ ಹೊರಟರೆ ಅವನ ಕಾರು ಸೌದಿಯದ್ದು, ಅವನು ಭಾರತದವನು. ಮೂವತ್ತು ವರ್ಷ ಅಲ್ಲಿ ಬೆವರು ಸುರಿಸಿದರೂ ಕಾರಿಗೆ ಸಿಕ್ಕ ಅಕ್ಷರ ಅವನಿಗೆ ಸಿಗುವುದಿಲ್ಲ.

ಇದೇ ವಿಚಿತ್ರವನ್ನು ಬಹಳ ದೊಡ್ಡ ಪ್ರಮಾಣದಲ್ಲಿ ಅನುಭವಿಸಿದವರು ಜರ್ಮನಿಗೆ ಹೋದ ತುರ್ಕಿಯರು. 1961ರ ಅಕ್ಟೋಬರ್‌ನಲ್ಲಿ ಪಶ್ಚಿಮ ಜರ್ಮನಿ ಮತ್ತು ತುರ್ಕಿ ನಡುವೆ ಕಾರ್ಮಿಕರನ್ನು ಕರೆಸಿಕೊಳ್ಳುವ ಒಪ್ಪಂದವಾಯಿತು. ಜರ್ಮನ್ನರು ಅವರನ್ನು ಕರೆದದ್ದು 'ಅತಿಥಿ ಕಾರ್ಮಿಕರು' ಎಂದು. ಅತಿಥಿ ಎಂಬ ಮಾತಿನಲ್ಲಿ ಗೌರವಕ್ಕಿಂತ ಹೆಚ್ಚಾಗಿ ಒಂದು ಸೂಚನೆಯಿತ್ತು: ಬಂದ ಕೆಲಸ ಮುಗಿದ ಮೇಲೆ ಹೊರಡುವವರು ಎಂದು. ಪ್ರತಿ ಬೇಸಿಗೆ ರಜೆಯಲ್ಲಿ ಅವರು ಕಾರಿನ ತಲೆಯ ಮೇಲೆ ಗಂಟುಮೂಟೆ ಕಟ್ಟಿಕೊಂಡು ಊರಿಗೆ ಹೊರಡುತ್ತಿದ್ದರು. ಆಸ್ಟ್ರಿಯಾ, ಯುಗೊಸ್ಲಾವಿಯಾ, ಬಲ್ಗೇರಿಯಾಗಳನ್ನು ಹಾದು ಎದಿರ್ನೆ ಬಳಿಯ ಕಪಿಕುಲೆ ಗಡಿಯವರೆಗೆ ಸಾವಿರಾರು ಕಿಲೋಮೀಟರ್ ಪಯಣ. ನಿದ್ದೆಗೆಟ್ಟು ಓಡಿಸಿದವರ ಕಾರುಗಳು ಯುಗೊಸ್ಲಾವಿಯಾದ ಇಕ್ಕಟ್ಟಿನ ಹೆದ್ದಾರಿಯಲ್ಲಿ ಅಪಘಾತಕ್ಕೀಡಾಗುವುದು ಆ ವರ್ಷಗಳ ಮಾಮೂಲಿ ಸುದ್ದಿಯಾಗಿತ್ತು. ಆ ಎಲ್ಲ ಕಾರುಗಳ ಬೆನ್ನ ಮೇಲೂ ಒಂದೇ ಅಕ್ಷರ: ಡಿ.

ಅನತೋಲಿಯಾದ ಹಳ್ಳಿಯ ಬೀದಿಯಲ್ಲಿ ಡಿ ಅಕ್ಷರದ ಕಾರು ಬಂದು ನಿಂತಿತೆಂದರೆ ಅದು ಮನೆಯವರ ಪ್ರತಿಷ್ಠೆ, ನೆರೆಯವರ ಕಣ್ಣುರಿ. ಕೊಲ್ಲಿಯಿಂದ ಬಂದವರ ಪೆಟ್ಟಿಗೆಗಳನ್ನು ನೋಡಿ ಬೆಳೆದ ಕರಾವಳಿಯವರಿಗೆ ಈ ದೃಶ್ಯವನ್ನು ವಿವರಿಸಿ ಹೇಳಬೇಕಾಗಿಲ್ಲ. ಆದರೆ ಊರಿನವರು ಅವರಿಗೆ ಇಟ್ಟ ಹೆಸರು 'ಅಲ್ಮಾನ್‌ಜಿ', ಅಂದರೆ ಜರ್ಮನಿಯವನು. ಅದರಲ್ಲಿ ಅಸೂಯೆಯ ಜೊತೆಗೆ ಚುಚ್ಚೂ ಇತ್ತು: ನೀನಿನ್ನು ನಮ್ಮವನಲ್ಲ ಎಂದು. ಜರ್ಮನಿಯಲ್ಲಾದರೋ ಅವನು ಕೊನೆಯವರೆಗೂ ತುರ್ಕಿಯವನೇ. ಅಲ್ಲೇ ಹುಟ್ಟಿ, ಅಲ್ಲಿನ ಶಾಲೆಯಲ್ಲೇ ಓದಿದ ಮಕ್ಕಳಿಗೂ ಹುಟ್ಟಿನಿಂದಲೇ ಪೌರತ್ವ ದೊರೆಯುತ್ತಿರಲಿಲ್ಲ. ರಕ್ತಸಂಬಂಧವೇ ಪೌರತ್ವದ ಆಧಾರ ಎಂಬ ಹಳೆಯ ಕಾನೂನು ಸಡಿಲವಾದದ್ದು 2000ದ ಜನವರಿ 1ರಿಂದ. ಅದಕ್ಕೂ ಮೊದಲು, 1993ರ ಮೇ ತಿಂಗಳಲ್ಲಿ, ಸೋಲಿಂಗೆನ್ ಪಟ್ಟಣದ ತುರ್ಕಿ ಕುಟುಂಬವೊಂದರ ಮನೆಗೆ ಬೆಂಕಿ ಹಚ್ಚಿದಾಗ ಸತ್ತ ಐವರಲ್ಲಿ ಪುಟ್ಟ ಹೆಣ್ಣುಮಕ್ಕಳಿದ್ದರು. ಕಾರು ಜರ್ಮನಿಯದ್ದಾಗಲು ಒಂದು ದಿನದ ನೋಂದಣಿ ಸಾಕಾಗಿತ್ತು.

ಸುಖವಾಗಿ ಬದುಕುತ್ತಿರುವ ದೇಶಗಳಲ್ಲೂ ಈ ಅಕ್ಷರಗಳ ಬಗ್ಗೆ ಎಲ್ಲರಿಗೂ ತೃಪ್ತಿಯಿಲ್ಲ. ಸ್ಪೇನಿನ ಕ್ಯಾಟಲೋನಿಯಾದಲ್ಲಿ ಪ್ರತ್ಯೇಕತೆಯ ಒಲವಿರುವ ಕೆಲವರು ನಂಬರ್ ಪ್ಲೇಟಿನ ಇ ಅಕ್ಷರದ ಮೇಲೆ ಸಿ.ಎ.ಟಿ. ಎಂಬ ಚೀಟಿ ಅಂಟಿಸಿಕೊಂಡು ದಂಡ ಕಟ್ಟಿದ್ದುಂಟು. ಬ್ರಿಟನ್ನಿನ ಜಿ.ಬಿ.ಯನ್ನೇ ನೋಡಿ. ಗ್ರೇಟ್ ಬ್ರಿಟನ್ ಎಂದರೆ ಇಂಗ್ಲೆಂಡ್, ಸ್ಕಾಟ್ಲೆಂಡ್, ವೇಲ್ಸ್ ಇರುವ ದ್ವೀಪ. ಉತ್ತರ ಐರ್ಲೆಂಡ್ ಅದರಲ್ಲಿಲ್ಲ. ಆದರೂ ಬೆಲ್‌ಫಾಸ್ಟಿನ ಕಾರು ನೂರು ವರ್ಷಕ್ಕೂ ಹೆಚ್ಚು ಕಾಲ ಜಿ.ಬಿ. ಅಂಟಿಸಿಕೊಂಡೇ ಹೊರದೇಶಕ್ಕೆ ಹೋಗಬೇಕಿತ್ತು. ಯುರೋಪಿನ ಒಕ್ಕೂಟದಿಂದ ಹೊರಬಂದ ಮೇಲೆ ಬ್ರಿಟನ್ ಸರಕಾರ 2021ರ ಸೆಪ್ಟೆಂಬರ್ 28ರಿಂದ ಯು.ಕೆ. ಎಂಬ ಅಕ್ಷರಗಳನ್ನು ಜಾರಿಗೆ ತಂದಿತು. ಹಳೆಯ ಜಿ.ಬಿ. ಸ್ಟಿಕ್ಕರನ್ನು ಕಿತ್ತುಹಾಕಬೇಕು, ಇಲ್ಲವೇ ಮುಚ್ಚಬೇಕು ಎಂದಾಯಿತು. ಒಂದು ಕಾಲದಲ್ಲಿ ಭಾರತಕ್ಕೆ ಬಿ.ಐ. ಎಂದು ಅಕ್ಷರ ಕೊಟ್ಟ ದೇಶಕ್ಕೆ ತನ್ನ ಸ್ವಂತ ಅಕ್ಷರ ಸರಿಪಡಿಸಿಕೊಳ್ಳಲು ಇಷ್ಟು ಕಾಲ ಹಿಡಿಯಿತೆಂಬುದು ನಮಗೆ ಕೊಂಚ ತಮಾಷೆಯಾಗಿ ಕಾಣುತ್ತದೆ.

ಯುಗೊಸ್ಲಾವಿಯಾದಲ್ಲಿ ಮಾತ್ರ ಇದು ತಮಾಷೆಯಾಗಿ ಉಳಿಯಲಿಲ್ಲ. 1909ರ ಒಡಂಬಡಿಕೆಯಲ್ಲಿ ಸೆರ್ಬಿಯಾಕ್ಕೆ ಸಿಕ್ಕಿದ್ದು ಎಸ್.ಬಿ. ಮೊದಲ ಮಹಾಯುದ್ಧದ ಬಳಿಕ ಸೆರ್ಬರು, ಕ್ರೊಯೆಟರು, ಸ್ಲೊವೀನರು ಸೇರಿದ ರಾಜ್ಯವಾದಾಗ ಎಸ್.ಎಚ್.ಎಸ್.; 1929ರಲ್ಲಿ ಅದು ಯುಗೊಸ್ಲಾವಿಯಾ ಆದಾಗ ವೈ; 1953ರಿಂದ ವೈ.ಯು.; 2003ರಲ್ಲಿ ಎಸ್.ಸಿ.ಜಿ.; 2006ರಿಂದ ಎಸ್.ಆರ್.ಬಿ. ಬೆಲ್‌ಗ್ರೇಡಿನ ಒಂದೇ ಬೀದಿಯ ಒಂದೇ ಮನೆಯಲ್ಲಿ ತಲೆಮಾರುಗಳಿಂದ ಬದುಕಿದ ಕುಟುಂಬದ ಕಾರುಗಳಿಗೆ ನೂರು ವರ್ಷದೊಳಗೆ ಆರು ಗುರುತು! ಪಟ್ಟಿಯನ್ನು ಓದಿದರೆ ನಗು ಬರಬಹುದು. ಆದರೆ ವೈ.ಯು. ಒಡೆದು ಚೂರಾದಾಗ ಹರಿದ ರಕ್ತ ಎರಡನೆಯ ಮಹಾಯುದ್ಧದ ನಂತರ ಯುರೋಪ್ ಕಂಡಿರದಂಥದ್ದು.

ಬೋಸ್ನಿಯಾದಲ್ಲಿ ಮುಸ್ಲಿಮ್ ಬೋಸ್ನಿಯಾಕರು, ಆರ್ಥೊಡಾಕ್ಸ್ ಸೆರ್ಬರು, ಕ್ಯಾಥೊಲಿಕ್ ಕ್ರೊಯೆಟರು ಬೆರೆತು ಬಾಳುತ್ತಿದ್ದರು. ಯುಗೊಸ್ಲಾವಿಯಾದ ಕಾಲದಲ್ಲಿ ಅಲ್ಲಿನ ನಂಬರ್ ಪ್ಲೇಟಿನಲ್ಲಿ ಇರುತ್ತಿದ್ದುದು ಕೆಂಪು ನಕ್ಷತ್ರ ಮತ್ತು ಊರಿನ ಎರಡಕ್ಷರ, ಅಷ್ಟೆ. ಸರಾಯೆವೊ ಕಾರೆಂದರೆ ಸರಾಯೆವೊ ಕಾರು. ಅದರೊಡೆಯ ಮಸೀದಿಗೆ ಹೋಗುತ್ತಾನೋ ಇಗರ್ಜಿಗೆ ಹೋಗುತ್ತಾನೋ ಪ್ಲೇಟ್ ಹೇಳುತ್ತಿರಲಿಲ್ಲ. 1992ರಿಂದ 1995ರವರೆಗಿನ ಯುದ್ಧ ಈ ಸ್ಥಿತಿಯನ್ನು ಬುಡಮೇಲು ಮಾಡಿತು. ಮೂರು ಕಡೆಯವರೂ ತಮ್ಮ ತಮ್ಮ ಹಿಡಿತದ ಪ್ರದೇಶದಲ್ಲಿ ತಮ್ಮದೇ ಪ್ಲೇಟ್ ಮಾಡಿಕೊಂಡರು. ಸರಾಯೆವೊ ಸರಕಾರದ ಪ್ಲೇಟಿನ ಮೇಲೆ ಬೋಸ್ನಿಯಾದ ಹಳೆಯ ರಾಜಲಾಂಛನದ ಲಿಲಿ ಹೂಗಳು, ಕ್ರೊಯೆಟರ ಪ್ಲೇಟಿನ ಮೇಲೆ ಚದುರಂಗದ ಹಾಸಿನಂಥ ಲಾಂಛನ, ಸೆರ್ಬರ ಪ್ಲೇಟಿನ ಮೇಲೆ ಸಿರಿಲಿಕ್ ಲಿಪಿ. ಈಗ ಮುಖ ನೋಡಬೇಕಿಲ್ಲ, ಹೆಸರು ಕೇಳಬೇಕಿಲ್ಲ. ಕಾರಿನ ಹಿಂಭಾಗ ನೋಡಿದರೆ ಸಾಕು, ಒಳಗಿರುವವನು ಯಾವ ಧರ್ಮದವನು ಎಂದು ಊಹಿಸಬಹುದಿತ್ತು.

1995ರ ಡೇಟನ್ ಒಪ್ಪಂದದಿಂದ ಗುಂಡಿನ ಸದ್ದು ನಿಂತಿತು. ದೇಶ ಒಂದೇ ಎಂದು ಕಾಗದದಲ್ಲಿ ಬರೆಯಲಾಯಿತು. ಆದರೆ ಅದರೊಳಗೆ ಬೋಸ್ನಿಯಾಕ್-ಕ್ರೊಯೆಟರ ಒಕ್ಕೂಟ ಮತ್ತು ಸೆರ್ಬರ ರಿಪಬ್ಲಿಕಾ ಸ್ರ್ಪ್‌ಸ್ಕಾ ಎಂಬ ಎರಡು ಘಟಕಗಳು, ನಡುವೆ ಸಾವಿರ ಕಿಲೋಮೀಟರಿಗೂ ಉದ್ದದ ಒಂದು ಗೆರೆ. ಯಾರು ಎಲ್ಲಿಗೆ ಬೇಕಾದರೂ ಓಡಾಡಬಹುದೆಂಬುದು ಒಪ್ಪಂದದ ಭರವಸೆ. ನೆಲದ ಮೇಲಿನ ಸತ್ಯವೇ ಬೇರೆ. ಲಿಲಿ ಹೂವಿನ ಪ್ಲೇಟ್ ಹೊತ್ತು ಆ ಗೆರೆಯಾಚೆ ಹೋದ ಕಾರನ್ನು ಅಕ್ರಮ ತಪಾಸಣಾ ಠಾಣೆಗಳಲ್ಲಿ ತಡೆಯಲಾಗುತ್ತಿತ್ತು; ಹಣ ಕೀಳುವುದು, ಚಾಲಕನನ್ನು ಹಿಡಿದಿಡುವುದು ನಡೆಯುತ್ತಿತ್ತು. ಸಿರಿಲಿಕ್ ಪ್ಲೇಟಿನವರಿಗೆ ಈಚೆ ಕಡೆ ಬರಲು ಅದೇ ಭಯ. ಎಂಟು ಸಾವಿರಕ್ಕೂ ಹೆಚ್ಚು ಮುಸ್ಲಿಮ್ ಗಂಡಸರು ಮತ್ತು ಹುಡುಗರ ಕಗ್ಗೊಲೆ ನಡೆದ ಸ್ರೆಬ್ರೆನಿಕಾ ಸ್ರ್ಪ್‌ಸ್ಕಾದ ಪಾಲಾಗಿತ್ತು. ಬಿಟ್ಟುಬಂದ ಮನೆಯನ್ನು ನೋಡಬೇಕೆಂದರೂ ಕಾಣೆಯಾದ ಮಗನ ಸುಳಿವು ಹುಡುಕಬೇಕೆಂದರೂ ಆ ಗೆರೆ ದಾಟಲೇಬೇಕು. ಜನರನ್ನು ಆಚೀಚೆ ಕರೆದೊಯ್ಯಲು ವಿಶ್ವಸಂಸ್ಥೆಯ ನಿರಾಶ್ರಿತರ ಸಂಸ್ಥೆ 1996ರಿಂದ ತಾನೇ ಬಸ್ಸುಗಳನ್ನು ಓಡಿಸಬೇಕಾಯಿತು.

ಎಲ್ಲರಿಗೂ ಒಂದೇ ಪ್ಲೇಟ್ ಇರಲಿ ಎಂಬ ಮಾತು ಬಂದಾಗ ಮೂರು ಕಡೆಯ ರಾಜಕಾರಣಿಗಳೂ ಒಪ್ಪಲಿಲ್ಲ. ಲಾಂಛನ ಯಾರದ್ದು? ಲಿಪಿ ಯಾವುದು? ಶಾಂತಿ ಒಪ್ಪಂದದ ಉಸ್ತುವಾರಿಗೆ ನೇಮಕಗೊಂಡಿದ್ದ ಸ್ಪೇನಿನ ರಾಜತಾಂತ್ರಿಕ ಕಾರ್ಲೋಸ್ ವೆಸ್ಟೆಂಡಾರ್ಪ್‌ಗೆ 1997ರ ಡಿಸೆಂಬರ್‌ನಲ್ಲಿ ಬಾನ್ ನಗರದ ಸಭೆ ಹೆಚ್ಚಿನ ಅಧಿಕಾರ ಕೊಟ್ಟಿತು. ಅದರ ಬೆನ್ನಿಗೇ, 1998ರ ಫೆಬ್ರವರಿಯಲ್ಲಿ, ಹೊಸ ಪ್ಲೇಟ್ ಬಂತು. ಅದರಲ್ಲಿ ಲಾಂಛನವಿಲ್ಲ, ಊರಿನ ಹೆಸರಿಲ್ಲ. ಒಂದಿಷ್ಟು ಅಂಕೆಗಳು, ನಡುವೆ ಒಂದಕ್ಷರ.

ಆ ಒಂದಕ್ಷರವನ್ನು ಆರಿಸಿದ ಬಗೆ ಬಲು ನಾಜೂಕಿನದು. ಲ್ಯಾಟಿನ್ ಮತ್ತು ಸಿರಿಲಿಕ್ ಲಿಪಿಗಳಲ್ಲಿ ನೋಡಲು ಒಂದೇ ತೆರನಾಗಿರುವ ಅಕ್ಷರಗಳು ಹಲವಿವೆ. ಆದರೆ ಅವುಗಳಲ್ಲಿ ಕೆಲವು ಮೋಸಗಾರ ಅಕ್ಷರಗಳು: ಲ್ಯಾಟಿನ್‌ನಲ್ಲಿ ಬಿ ಎಂದು ಓದುವುದು ಸಿರಿಲಿಕ್‌ನಲ್ಲಿ ವಿ ಆಗುತ್ತದೆ, ಪಿ ಎಂದು ಓದುವುದು ಆರ್ ಆಗುತ್ತದೆ. ಹಾಗಾಗಿ ಅವೆಲ್ಲವನ್ನೂ ಜರಡಿ ಹಿಡಿದು, ರೂಪದಲ್ಲೂ ಉಚ್ಚಾರದಲ್ಲೂ ಎರಡೂ ಲಿಪಿಗಳಿಗೆ ಸಮಾನವಾದ ಏಳನ್ನು ಮಾತ್ರ ಉಳಿಸಿಕೊಂಡರು. ಎ, ಇ, ಜೆ, ಕೆ, ಎಂ, ಒ, ಟಿ. ಈ ಏಳಕ್ಷರಗಳಲ್ಲಿ ಯಾವುದನ್ನು ಬರೆದರೂ ಸೆರ್ಬನಿಗೆ ಅದು ಸಿರಿಲಿಕ್, ಬೋಸ್ನಿಯಾಕನಿಗೂ ಕ್ರೊಯೆಟನಿಗೂ ಲ್ಯಾಟಿನ್. ಹೊಸ ಪ್ಲೇಟ್ ಬಂದ ಮೇಲೆ ಗೆರೆ ದಾಟುವ ವಾಹನಗಳ ಸಂಖ್ಯೆ ಬೇಗಬೇಗನೆ ಏರಿತು. ಸೈನಿಕರ ಟ್ಯಾಂಕುಗಳಿಗೆ ಎರಡು ವರ್ಷ ಸಾಧ್ಯವಾಗದ್ದು ಈ ತಗಡಿನ ಚೂರಿಗೆ ಸಾಧ್ಯವಾಯಿತು. ದೇಶದ ಹೊರಗೆ ಹೋದಾಗ ಮಾತ್ರ ಆ ಕಾರುಗಳು ಬಿ.ಐ.ಎಚ್. ಎಂಬ ಚಿಹ್ನೆ ತೋರಿಸಬೇಕಿತ್ತು. 2009ರಲ್ಲಿ ಆ ಮೂರಕ್ಷರಗಳು ನೀಲಿ ಪಟ್ಟಿಯ ಮೇಲೆ ಪ್ಲೇಟಿನೊಳಗೇ ಬಂದು ಕೂತವು. ಊರಿನ ಗುರುತು ಮಾತ್ರ ಆಗಲೂ ಮರಳಿ ಬರಲಿಲ್ಲ.

ಇದನ್ನೆಲ್ಲ ದೂರದ ಬಾಲ್ಕನ್ ಜನರ ಕತೆಯೆಂದು ಓದಿ ಮುಗಿಸುವಂತಿಲ್ಲ. 2016ರ ಸೆಪ್ಟೆಂಬರ್ 12ರಂದು ಕಾವೇರಿ ನೀರಿನ ವಿವಾದ ಬೀದಿಗೆ ಬಂದಾಗ ಬೆಂಗಳೂರಿನಲ್ಲಿ ಕಿಡಿಗೇಡಿಗಳು ನೋಡಿದ್ದು ಏನನ್ನು? ನಂಬರ್ ಪ್ಲೇಟಿನ ಟಿ.ಎನ್. ಎಂಬ ಎರಡಕ್ಷರವನ್ನು. ಒಂದೇ ಡಿಪೊದಲ್ಲಿ ನಲವತ್ತಕ್ಕೂ ಹೆಚ್ಚು ಬಸ್ಸುಗಳು ಸುಟ್ಟು ಕರಕಲಾದವು. ಅತ್ತ ತಮಿಳುನಾಡಿನಲ್ಲಿ ಕೆ.ಎ. ಅಕ್ಷರದ ವಾಹನಗಳು ಮತ್ತು ಅವುಗಳ ಚಾಲಕರ ಮೇಲೆ ಕೈಮಾಡಲಾಯಿತು. ಬೆಂಗಳೂರಿನಲ್ಲೇ ಬದುಕಿ, ಇಲ್ಲೇ ತೆರಿಗೆ ಕಟ್ಟುತ್ತಿದ್ದ ಎಷ್ಟೋ ಮಂದಿ ಅಂದು ಪ್ಲೇಟ್ ಮುಚ್ಚಿಕೊಂಡು, ಗಾಡಿಗೆ ಕನ್ನಡದ ಬಾವುಟ ಕಟ್ಟಿಕೊಂಡು ಮನೆ ಸೇರಿದರು. 2022ರ ಡಿಸೆಂಬರ್‌ನಲ್ಲಿ ಗಡಿ ವಿವಾದ ಕೆದಕಿದಾಗ ಬೆಳಗಾವಿಯ ಹಿರೇಬಾಗೇವಾಡಿ ಟೋಲ್ ಬಳಿ ಮಹಾರಾಷ್ಟ್ರದ ಲಾರಿಗಳಿಗೆ ಕಲ್ಲು ಬಿತ್ತು, ಪುಣೆಯಲ್ಲಿ ಕರ್ನಾಟಕದ ಬಸ್ಸುಗಳಿಗೆ ಮಸಿ ಬಿತ್ತು. ಲಾರಿಯ ಚಾಲಕ ಬಿಹಾರದವನೇ ಆಗಿದ್ದರೂ ಕಲ್ಲು ಎಸೆಯುವವನು ವಿಚಾರಿಸುವುದಿಲ್ಲ. ಎಲ್ಲ ಪ್ಲೇಟುಗಳ ಅಂಚಿನಲ್ಲೂ ಐ.ಎನ್.ಡಿ. ಎಂದಿರಬೇಕೆಂದು ನಿಯಮ ಮಾಡಿರುವ ದೇಶದಲ್ಲಿ ಅದರ ಪಕ್ಕದ ಎರಡಕ್ಷರಕ್ಕೆ ಇಷ್ಟು ಭಯಪಡುವ ದಿನಗಳು ಬಂದು ಹೋಗಿವೆ.

ಬಾಲ್ಕನ್‌ಗೆ ಮರಳೋಣ, ಏಕೆಂದರೆ ಅಲ್ಲಿ ಸ್ಟಿಕ್ಕರಿನ ಇತಿಹಾಸ ತಲೆಕೆಳಗಾದ ಒಂದು ಪ್ರಸಂಗವಿದೆ. ಬಹುಪಾಲು ಅಲ್ಬೇನಿಯನ್ ಮುಸ್ಲಿಮರಿರುವ ಕೊಸೊವೊ 2008ರ ಫೆಬ್ರವರಿ 17ರಂದು ಸ್ವಾತಂತ್ರ್ಯ ಘೋಷಿಸಿಕೊಂಡಿತು. ನೂರಕ್ಕೂ ಹೆಚ್ಚು ದೇಶಗಳು ಅದನ್ನು ಒಂದಲ್ಲ ಒಂದು ಸಮಯದಲ್ಲಿ ಮಾನ್ಯ ಮಾಡಿದವು; ಭಾರತ ಮಾಡಿಲ್ಲ. ಸೆರ್ಬಿಯಾದ ಪಾಲಿಗಂತೂ ಕೊಸೊವೊ ಇಂದಿಗೂ ತನ್ನದೇ ಒಂದು ಪ್ರಾಂತ. ಕೊಸೊವೊ ತನ್ನ ಪ್ಲೇಟಿನ ಮೇಲೆ ಆರ್.ಕೆ.ಎಸ್. ಎಂದು ಬರೆಯಿತು. ಅಂಥ ಕಾರು ಗಡಿಗೆ ಬಂದರೆ ಸೆರ್ಬಿಯಾದ ಪೊಲೀಸರು ಪ್ಲೇಟನ್ನು ಬಿಚ್ಚಿಸಿ, ಹಣ ಕಟ್ಟಿಸಿಕೊಂಡು ತಾತ್ಕಾಲಿಕ ಪ್ಲೇಟ್ ಕೊಡುತ್ತಿದ್ದರು. ಹಲವು ವರ್ಷ ಹೀಗೆ ನಡೆದ ಮೇಲೆ 2021ರ ಸೆಪ್ಟೆಂಬರ್ 20ರಂದು ಕೊಸೊವೊ ಅದನ್ನೇ ತಿರುಗಿಸಿ ಸೆರ್ಬಿಯಾದ ಕಾರುಗಳಿಗೆ ಮಾಡಿತು. ಉತ್ತರ ಕೊಸೊವೊದ ಸೆರ್ಬರು ಯರಿನ್ಯೆ ಮತ್ತು ಬ್ರ್‌ನ್ಯಾಕ್ ಗಡಿ ದಾರಿಗಳಿಗೆ ಲಾರಿಗಳನ್ನು ಅಡ್ಡ ನಿಲ್ಲಿಸಿದರು. ಕೊಸೊವೊದ ವಿಶೇಷ ಪೊಲೀಸರು ಬಂದು ನಿಂತರು. ಸೆರ್ಬಿಯಾದ ಯುದ್ಧವಿಮಾನಗಳು ಗಡಿಯ ಸಮೀಪ ಹಾರಾಡಿದವು. ಒಂದು ತಗಡಿನ ಪ್ಲೇಟಿಗಾಗಿ ಮತ್ತೊಂದು ಯುದ್ಧವಾದೀತೇ ಎಂದು ಜಗತ್ತು ನೋಡುವಂತಾಯಿತು.

ಸೆಪ್ಟೆಂಬರ್ 30ರಂದು ಬ್ರಸೆಲ್ಸ್‌ನಲ್ಲಿ ಯುರೋಪಿನ ಒಕ್ಕೂಟ ಒಂದು ರಾಜಿ ಮಾಡಿಸಿತು. ಅದರಂತೆ ಅಕ್ಟೋಬರ್ 4ರಿಂದ ಗಡಿಯಲ್ಲಿ ಬಿಳಿ ಸ್ಟಿಕ್ಕರುಗಳು ಬಂದವು. ಕೊಸೊವೊ ಕಾರು ಸೆರ್ಬಿಯಾಕ್ಕೆ ಹೋಗುವಾಗ ಆರ್.ಕೆ.ಎಸ್. ಅಕ್ಷರ ಮತ್ತು ಲಾಂಛನದ ಮೇಲೆ ಒಂದು ಸ್ಟಿಕ್ಕರ್, ಸೆರ್ಬಿಯಾದ ಕಾರು ಕೊಸೊವೊಗೆ ಬರುವಾಗ ಅದರ ಎಸ್.ಆರ್.ಬಿ. ಮೇಲೆ ಒಂದು ಸ್ಟಿಕ್ಕರ್. 1909ರಲ್ಲಿ ಪ್ಯಾರಿಸ್‌ನಲ್ಲಿ ಕೂತವರು ಗಡಿ ದಾಟುವ ಕಾರು ತನ್ನ ದೇಶವನ್ನು ತೋರಿಸಲಿ ಎಂದು ಫಲಕ ಕಂಡುಹಿಡಿದರು. ಇಲ್ಲಿ ಗಡಿ ದಾಟುವ ಕಾರು ತನ್ನ ದೇಶವನ್ನು ಮುಚ್ಚಿಕೊಳ್ಳಲಿ ಎಂದು ಸ್ಟಿಕ್ಕರ್ ಹಂಚಿದರು. ಮದುವೆಗೋ ಮೈಯತ್ತಿಗೋ ಆಚೆ ಹೊರಟ ಕುಟುಂಬ ಕಾರಿನಿಂದ ಇಳಿದು, ಹಿಂದೆ ಮುಂದೆ ಸ್ಟಿಕ್ಕರ್ ಅಂಟಿಸಿ, ಮರಳುವಾಗ ಉಗುರಿನಿಂದ ಕೆರೆದು ತೆಗೆಯಬೇಕು. ಎರಡು ವರ್ಷಕ್ಕೂ ಹೆಚ್ಚು ಕಾಲ ಹೀಗೆಯೇ ನಡೆಯಿತು.

2023ರ ಡಿಸೆಂಬರ್ ಕೊನೆಯಲ್ಲಿ ಸೆರ್ಬಿಯಾ ಒಂದು ಪ್ರಕಟಣೆ ಹೊರಡಿಸಿತು. 2024ರ ಜನವರಿ 1ರಿಂದ ಆರ್.ಕೆ.ಎಸ್. ಪ್ಲೇಟಿನ ಕಾರುಗಳು ಏನನ್ನೂ ಅಂಟಿಸದೆ ಒಳಗೆ ಬರಬಹುದು ಎಂದು. ಕೊಸೊವೊ ಕೂಡ ಸೆರ್ಬಿಯಾದ ಕಾರುಗಳ ಮೇಲಿನ ಸ್ಟಿಕ್ಕರನ್ನು ಕೈಬಿಟ್ಟಿತು. ಅದೇ ಪ್ರಕಟಣೆಯಲ್ಲಿ ಸೆರ್ಬಿಯಾ ಇನ್ನೊಂದು ಮಾತನ್ನೂ ಸೇರಿಸಿತ್ತು: ಇದು ಜನರ ಓಡಾಟದ ಅನುಕೂಲಕ್ಕಾಗಿ ಮಾತ್ರ, ಕೊಸೊವೊ ಎಂಬ ದೇಶವಿದೆಯೆಂದು ನಾವು ಒಪ್ಪಿದಂತಲ್ಲ.